ಅವಲಂಬಿತರ ಹೆಸರು

ಗೂಡು ಕಟ್ಟಲು ಹಣ್ಣಾದ ರೇಷ್ಮೆ ಹುಳ ಯಾವುದು ಎನ್ನುವುದನ್ನು ಕುಸುಮಳ ಬೆರಳುಗಳು ಇನ್ನೂ ಮರೆತಿರಲಿಲ್ಲ. ಸೊಪ್ಪು ಕಡಿಯುವುದನ್ನು ಬಿಟ್ಟು ತಲೆಯೆತ್ತಿ ಅತ್ತಿತ್ತ ತೂಗುತ್ತಿದ್ದ, ಮೈಯೆಲ್ಲ ಜೇನಿನ ಹಾಗೆ ತಿಳಿಯಾದ ಹುಳಗಳನ್ನು ಆರಿಸಿ ಆರಿಸಿ ಮೊರಕ್ಕೆ ಹಾಕುತ್ತಿದ್ದಳು. ಇನ್ನೂ ತಿನ್ನುತ್ತಿದ್ದವನ್ನು ಹಾಗೇ ಬಿಡುತ್ತಿದ್ದಳು. ಅವಕ್ಕೆ ನಾಳೆಯ ಸರದಿ. ಮೊರ ತುಂಬಿದಂತೆ ತಮ್ಮನ ಹೆಂಡತಿ ಪ್ರೇಮಾ ಎತ್ತಿಕೊಂಡು ಹೋಗಿ ಹುಳ ಗೂಡು ನೇಯುವ ಬಿದಿರಿನ ತಟ್ಟಿ, ಚಂದ್ರಿಕೆಯ ಸುತ್ತುಗಳ ನಡುವೆ ಒಂದೊಂದಾಗಿ ಹುಳ ಬಿಡುತ್ತಿದ್ದಳು. ಹೊರಗೆ ಚಪ್ಪರದಡಿ ತಮ್ಮ ಕುಮಾರಸ್ವಾಮಿ ತುಂಬಿದ ಚಂದ್ರಿಕೆಗಳನ್ನು ಒರಗಿಸಿ ನಿಲ್ಲಿಸುತ್ತಿದ್ದ. ಅವ್ವ ಚಿಕ್ಕಬಸಮ್ಮ ಮಂಡಿ ನೋವಿನಿಂದ ಕೂರಲಾರದೆ, ನಿಂತೇ ಮೇಲಿನ ಅಟ್ಟಣೆಯ ಹುಳ ಆರಿಸುತ್ತಿದ್ದಳು. ಬೆಳಗಿನಿಂದ ಯಾರ ಹೊಟ್ಟೆಗೂ ಕಾಫಿ ಬಿಟ್ಟು ಇನ್ನೊಂದು ಬಿದ್ದಿರಲಿಲ್ಲ. ಹುಳ ಹಣ್ಣಾದ ದಿನ ಮನೆಯ ಸುಖದುಃಖ ಕೇಳಲು ಯಾರಿಗೂ ಪುರುಸೊತ್ತಿರುವುದಿಲ್ಲ.

ಕುಸುಮ ಈ ಸಲ ಹುಳದ ಮನೆಯೊಳಗೆ ಕಾಲಿಟ್ಟಿದ್ದೇ ಅವತ್ತು. ಮಸ್ಕತ್ತಿನಿಂದ ಮೂರು ವಾರದ ರಜೆಗೆ ಬಂದಿದ್ದಳು. ಬಂದ ಮಾರನೆಯ ದಿನವೇ ಮುಟ್ಟಾಗಿದ್ದಳು. ಅವರ ಮನೆಯಲ್ಲಿ ಅಡುಗೆಮನೆಗಾಗಲೀ ದೇವರ ಗೂಡಿಗಾಗಲೀ ಅಂಥ ತಡೆ ಏನೂ ಇಲ್ಲ. ಹುಳದ ಮನೆಯ ಹೊಸ್ತಿಲು ಮಾತ್ರ ದಾಟುವಂತಿಲ್ಲ. ಅತ್ತರಿನ ವಾಸನೆ, ಒಗ್ಗರಣೆಯ ಘಾಟು, ಮುಟ್ಟಾದವರ ನೆರಳು, ಮೂರನ್ನೂ ಹುಳ ತಡೆಯುವುದಿಲ್ಲ ಎಂದು ಅಜ್ಜಿಯ ಕಾಲದ ಮಾತು. ಐದು ದಿನ ಕಳೆಯಿತು, ಆರಾಯಿತು, ಏಳಾಯಿತು. ದಿನಾ ಬೆಳಿಗ್ಗೆ ಪ್ರೇಮಾ ಅಂಗಳದಿಂದ ಅವಳ ಮುಖ ನೋಡುವಳು. ಕುಸುಮ ಇನ್ನೂ ಇಲ್ಲ ಎಂದು ತಲೆಯಾಡಿಸುವಳು. ಒಂಬತ್ತನೆಯ ದಿನ ಹುಳ ಹಣ್ಣಾಯಿತು. ಎರಡು ಕೈ ಕಮ್ಮಿ ಬೀಳುತ್ತದೆಂದು ಕುಮಾರಸ್ವಾಮಿ ಕೂಲಿಗೆ ಜನ ಹುಡುಕಲು ಹೊರಟಾಗ ಕುಸುಮ ತಲೆಗೆ ನೀರು ಹಾಕಿಕೊಂಡು ಬಂದು, ಮುಗಿಯಿತು, ನಾನು ಬರ್ತೀನಿ ಅಂದಳು.

ಮುಗಿದಿರಲಿಲ್ಲ. ಮುಗಿಯುವ ಲಕ್ಷಣವೂ ಇರಲಿಲ್ಲ. ಗರ್ಭಕೋಶದಲ್ಲಿ ಎರಡು ಗಡ್ಡೆ ಇವೆಯೆಂದು ಮಸ್ಕತ್ತಿನ ಡಾಕ್ಟರಮ್ಮ ಸ್ಕ್ಯಾನಿಂಗ್ ತೆರೆಯ ಮೇಲೆ ಬೆರಳಿಟ್ಟು ತೋರಿಸಿ ಎರಡು ತಿಂಗಳಾಗಿತ್ತು. ಹೆದರುವಂಥದ್ದಲ್ಲ, ಆದರೆ ಹೀಗೇ ಬಿಟ್ಟರೆ ಮೈಯಲ್ಲಿ ರಕ್ತವೇ ಉಳಿಯುವುದಿಲ್ಲ, ಬರುವ ವರ್ಷದೊಳಗೆ ಆಪರೇಷನ್ ಮಾಡಿಸಿಕೋ ಎಂದಿದ್ದರು. ಊರಲ್ಲಿ ಯಾರಿಗೂ ಹೇಳಿರಲಿಲ್ಲ. ಹೇಳಬಾರದೆಂದಲ್ಲ. ಹೇಳುವುದಕ್ಕೆ ಒಂದು ಹೊತ್ತು ಬೇಕಲ್ಲ, ಆ ಹೊತ್ತು ಬಂದಿರಲಿಲ್ಲ, ಅಷ್ಟೆ. ಈಗ ಅಂಗೈ ಮೇಲೆ ತಣ್ಣಗೆ ಹರಿಯುತ್ತಿದ್ದ ಹುಳವನ್ನು ನೋಡುತ್ತ, ಇದಕ್ಕೆ ಏನು ಗೊತ್ತಾಗುತ್ತದೆ ಎಂದು ತನಗೆ ತಾನೇ ಹೇಳಿಕೊಂಡಳು. ಆದರೂ ಮೊರಕ್ಕೆ ಬಿಡುವಾಗ ಕೈ ಒಂಚೂರು ಹೆಚ್ಚೇ ಮೃದುವಾಯಿತು.

ಮಧ್ಯಾಹ್ನ ಮುದ್ದೆ ಉಣ್ಣಲು ಹೊರಗೆ ಬಂದಾಗ ಮೇಡಮ್ಮಿನ ಧ್ವನಿ ಸಂದೇಶ ಬಂದಿತ್ತು. ಮೇಡಂ ಮೈಸೂರಿನವರು. ಅಲ್ಲಿ ಅವರು ನಡೆಸುತ್ತಿದ್ದ ಶಿಶುವಿಹಾರದಲ್ಲಿ ಕುಸುಮ ಆಯಾ ಆಗಿದ್ದಳು. ಎರಡು ವರ್ಷವೂ ಬಾಳದ ಮದುವೆಯಿಂದ ಎದ್ದು ಬಂದವಳಿಗೆ ಮಕ್ಕಳ ಮೂಗು ಒರೆಸುವ, ಜಡೆ ಹೆಣೆಯುವ ಆ ಕೆಲಸ ಒಗ್ಗಿಹೋಗಿತ್ತು. ಗಂಡನ ಜೊತೆ ಮಸ್ಕತ್ತಿಗೆ ಹೋದ ಮೇಡಂ ಅಲ್ಲೂ ಒಂದು ಶಿಶುವಿಹಾರ ತೆರೆದು, ಒಂಬತ್ತು ವರ್ಷದ ಹಿಂದೆ ಇವಳನ್ನೂ ಕರೆಸಿಕೊಂಡರು. ವರ್ಷಾ ವರ್ಷಾ ಸ್ಕೂಲಿನವರೇ ಕಟ್ಟುವ ಆರೋಗ್ಯ ವಿಮೆಗೆ ಈ ಸಲ ಎರಡು ದಾರಿ ಇಟ್ಟಿದ್ದರು. ಒಂದನೆಯದು ಕೆಲಸದವರಿಗೆ ಮಾತ್ರ: ಮೊದಲೇ ಇರುವ ಕಾಯಿಲೆಯನ್ನು ಬರೆದುಕೊಟ್ಟರೆ ಅದರ ಆಪರೇಷನ್ ಆದಿಯಾಗಿ ಎಲ್ಲ ಖರ್ಚು, ಅಲ್ಲಿದ್ದರೂ ಸರಿ, ರಜೆಗೆ ಊರಿಗೆ ಬಂದಿದ್ದರೂ ಸರಿ. ಎರಡನೆಯದು ಕೆಲಸದವರು ಮತ್ತು ಅವಲಂಬಿತರು ಒಬ್ಬರು: ಊರಲ್ಲಿರುವ ತಂದೆಗೋ ತಾಯಿಗೋ ಆಸ್ಪತ್ರೆ ಖರ್ಚು ಸಿಗುತ್ತದೆ, ಅದರ ಬದಲು ಕೆಲಸದವರ ಪಾಲಿಗೆ ಜ್ವರ, ಗಾಯ, ಅಪಘಾತಕ್ಕೆ ಮಾತ್ರ. ಒಮ್ಮೆ ಆರಿಸಿದರೆ ವರ್ಷದವರೆಗೆ ಬದಲಾಯಿಸುವಂತಿಲ್ಲ. ಗುರುವಾರ ಅಲ್ಲಿಯ ಐದು ಗಂಟೆಯೊಳಗೆ ಫಾರಂ ಕಳಿಸಬೇಕು. ಎಂದರೆ ಇಲ್ಲಿಯ ಆರೂವರೆ.

ಅಷ್ಟು ಹೇಳಿ ಮೇಡಂ ಕೊನೆಗೆ ಒಂದು ಮಾತು ಸೇರಿಸಿದ್ದರು. "ಕುಸುಮಾ, ಡಾಕ್ಟರ್ ಹೇಳಿದ್ದು ನೆನಪಿದೆ ತಾನೇ?" ಆ ಮಾತು ಹೊರಗೆ ಕೇಳದ ಹಾಗೆ ಕುಸುಮ ಫೋನನ್ನು ಕಿವಿಗೆ ಒತ್ತಿ ಹಿಡಿದಿದ್ದಳು.

ಅವಲಂಬಿತರಿಗೂ ವಿಮೆ ಸಿಗಬಹುದೆಂದು ಮಸ್ಕತ್ತು ಬಿಡುವ ಮೊದಲೇ ಕೇಳಿದ್ದ ಅವಳೇ ಅದನ್ನು ಹಿಂದಿನ ವಾರ ತಮ್ಮನಿಗೆ ಹೇಳಿ ಕೆಟ್ಟಿದ್ದಳು. ಅವ್ವನ ಮಂಡಿಗೆ ಬಿಪಿಎಲ್ ಕಾರ್ಡು ಹಿಡಿದು ಸರ್ಕಾರಿ ಆಸ್ಪತ್ರೆಯಲ್ಲಿ ಸರದಿ ಕಾಯುವುದು ಇದ್ದೇ ಇತ್ತು. ಆದರೆ ಕುಮಾರಸ್ವಾಮಿಗೆ ಈ ವಿಮೆ ತಲೆಗೆ ಹೋದದ್ದೇ ತಡ, ಅಕ್ಕ ಅವ್ವನ ಹೆಸರಿಗೆ ಇನ್ಸೂರೆನ್ಸ್ ಮಾಡಿಸ್ತಾಳೆ, ಮೈಸೂರಿನ ದೊಡ್ಡಾಸ್ಪತ್ರೆಯಲ್ಲಿ ಎರಡು ಮಂಡಿಯನ್ನೂ ಬದಲಾಯಿಸ್ತಾರೆ ಎಂದು ಅಜ್ಜೀಪುರದ ಅರ್ಧ ಊರಿಗೆ ಹೇಳಿಕೊಂಡು ಬಂದಿದ್ದ. ಎದುರು ಮನೆಯ ದೊಡ್ಡಮಾದಮ್ಮ ಸೊಪ್ಪಿನ ಹೊರೆ ಇಳಿಸಿ ಬಾಗಿಲಲ್ಲೇ ನಿಂತು ವಿಚಾರಿಸಿಕೊಂಡಿದ್ದಳು: "ಹೊಸಾ ಮಂಡಿ ಆಕುಸ್ಕಂಡ್ ಮ್ಯಾಕೆ ನಮ್ ಜೊತೆ ಕಳೆ ಕೀಳಾಕ್ ಬತ್ತೀಯೋ, ಇಲ್ಲ ಕುರ್ಚಿ ಮ್ಯಾಲೇ ಕೂತ್ಕತೀಯೋ?" ಅವ್ವ ಅದಕ್ಕೆ, ಕುರ್ಚಿ ತರ್ಸಿದ್ರೆ ನಿಂಗೂ ಅರ್ಧ ಬಿಡ್ತೀನಿ ಬುಡು ಎಂದು ನಕ್ಕಿದ್ದಳು.

ಕುಸುಮ ಮನಸ್ಸಿನಲ್ಲಿ ಆಗಲೇ ಎರಡನೆಯದಕ್ಕೆ ಗುರುತು ಹಾಕಿಯಾಗಿತ್ತು. ತನ್ನದು ಇನ್ನೊಂದು ವರ್ಷ ತಡೆದೀತು. ತಡೆಯದಿದ್ದರೆ ಆಗ ನೋಡಿಕೊಂಡರಾಯಿತು. ಹೀಗೆ ಅಂದುಕೊಳ್ಳುವುದು ಅವಳಿಗೆ ಕಷ್ಟವೇನೂ ಆಗಿರಲಿಲ್ಲ, ಅಭ್ಯಾಸವಾಗಿತ್ತು.

ಸಂಜೆ ಕೈಕಾಲು ತೊಳೆದು ಎಲ್ಲರೂ ಜಗಲಿಯಲ್ಲಿ ಕೂತಾಗ ಕುಮಾರಸ್ವಾಮಿ ಅವ್ವನ ಆಧಾರ್ ಕಾರ್ಡು ತಂದ. ಫಾರಮ್ಮಿನಲ್ಲಿ ತಂದೆತಾಯಿಯ ವಯಸ್ಸು ಎಪ್ಪತ್ತರೊಳಗೆ ಎಂದಿತ್ತು. ಅವನು ಕಾರ್ಡನ್ನು ಬೆಳಕಿಗೆ ಹಿಡಿದು ಓದಿ, ಲೆಕ್ಕ ಹಾಕಿ, ಮತ್ತೆ ಓದಿದ.

"ಅಕ್ಕಾ, ಅವ್ವುಂಗೆ ಎಪ್ಪತ್ನಾಕು."

"ಯಾರ್ ಏಳಿದ್ದು?"

"ಸರ್ಕಾರ ಏಳ್ತದೆ. ಐವತ್ತೊಂದ್ನೇ ಇಸ್ವಿ, ಜನವರಿ ಒಂದು."

ಪ್ರೇಮಾ ಬೆರಳು ಮಡಿಸಿ, ಹಾಗಾದರೆ ಅಕ್ಕ ಹುಟ್ಟಿದಾಗ ಅತ್ತೆಗೆ ಮೂವತ್ತೊಂದು, ಊರಿಗೆಲ್ಲ ಹತ್ತೊಂಬತ್ತು ಅಂತ ಹೇಳಿಕೊಂಡು ತಿರುಗುತ್ತಾರಲ್ಲ ಅಂದಳು. ಅವ್ವ ಸೆರಗು ಬಾಯಿಗೆ ಹಿಡಿದು ನಕ್ಕಳು. ಕುಸುಮಳೂ ನಗುತ್ತಲೇ ಕಾರ್ಡನ್ನು ತಮ್ಮನ ಕೈಯಿಂದ ತೆಗೆದುಕೊಂಡು ನೋಡಿದಳು. ಅವಳಿಗೆ ನೆನಪಾಗಿತ್ತು. ಅದನ್ನು ಬರೆದದ್ದು ಅವಳೇ.

ಹದಿನಾಲ್ಕು ವರ್ಷದ ಹಿಂದಿನ ಮಾತು. ಆಗ ಅಪ್ಪ ಗುರುಸಿದ್ದಯ್ಯ ಇದ್ದರು. ಕಾಗದಪತ್ರ ಮಾಡಿಸಿಕೊಡುವ ಮಹದೇವು ಎಂಬವನು ಬೀದಿಗೆ ಬಂದು, ಅರವತ್ತು ಆದವರಿಗೆಲ್ಲ ತಿಂಗಳು ತಿಂಗಳು ವೃದ್ಧಾಪ್ಯ ವೇತನ ಬರುತ್ತದೆ, ಹುಟ್ಟಿದ ತಾರೀಕು ಯಾರಿಗೆ ತಾನೇ ಗೊತ್ತು, ಅರವತ್ತು ಎಂದು ಬರೆಸಿ ಅಂದಿದ್ದ. ಬೀದಿಯಲ್ಲಿ ಪಿಯುಸಿ ಓದಿದವಳು ಕುಸುಮ ಒಬ್ಬಳೇ. ಜಗಲಿಯ ಮೇಲೆ ಚಾಪೆ ಹಾಸಿ ಕೂತು ಅವಳು ಬರೆದಳು. ಒಂದೇ ಮಧ್ಯಾಹ್ನದಲ್ಲಿ ಆ ಬೀದಿಯ ಹನ್ನೊಂದು ಜನ ಹೆಂಗಸರು ಅರವತ್ತು ದಾಟಿದರು. ಎಲ್ಲರೂ ಜನವರಿ ಒಂದನೇ ತಾರೀಕೇ ಹುಟ್ಟಿದರು. ಮುಂದೆ ಆಧಾರ್ ಬಂದಾಗ ಆ ಕಾಗದ ನೋಡಿ ಅದೇ ತಾರೀಕು ಬರೆದುಕೊಂಡರು. ಅಪ್ಪನಿಗೆ ಅವತ್ತು ಎಪ್ಪತ್ತೆರಡು ಎಂದು ಬರೆದಿದ್ದಳು; ಆರು ವರ್ಷದ ಹಿಂದೆ ತೀರಿಕೊಂಡಾಗ ಕಾಗದದ ಮೇಲೆ ಅವರಿಗೆ ಎಂಬತ್ತು. ಮಣ್ಣಿಗೆ ಬಂದ ನೆಂಟರು ತುಂಬುಬಾಳು ಎಂದು ಸಮಾಧಾನ ಹೇಳಿ ಹೋಗಿದ್ದರು.

ಪೆನ್ನು ಹಿಡಿದು ಬರೆಯುವಾಗಿನ ಆ ಹೆಮ್ಮೆ ಕುಸುಮಳಿಗೆ ಇನ್ನೂ ನೆನಪಿತ್ತು. ಆ ಪೆನ್ನಿನಿಂದಲೇ ಈಗ ಅವ್ವನಿಗೆ ವಿಮೆ ತಪ್ಪುತ್ತಿತ್ತು. ಗೊತ್ತಾದ ಕೂಡಲೇ ಎದೆಯಲ್ಲಿ ಏನೋ ಸಡಿಲವಾದ ಹಾಗಾಯಿತು. ಅದು ಹಗುರವೆಂದು ತಿಳಿದ ತಕ್ಷಣ ಅವಳಿಗೆ ನಾಚಿಕೆಯಾಯಿತು. ಆ ನಾಚಿಕೆಗೇ ಇರಬೇಕು, ಅವ್ವನ ನಿಜವಾದ ವಯಸ್ಸಿನ ದಾಖಲೆ ಎಲ್ಲಾದರೂ ಇದ್ದೇ ಇರಬೇಕು ಎಂದು ಮೊದಲು ಹೇಳಿದವಳು ಅವಳೇ. ಅವ್ವನ ತವರು ಯಳಂದೂರು ತಾಲೂಕಿನ ಅಗರ. ಅಲ್ಲಿಯ ಸರ್ಕಾರಿ ಶಾಲೆಯಲ್ಲಿ ಎರಡನೇ ಕ್ಲಾಸಿನವರೆಗೆ ಓದಿದ್ದಳು. ಶಾಲೆಯ ವಹಿಯಲ್ಲಿ ಹುಟ್ಟಿದ ತಾರೀಕು ಸಿಕ್ಕಿದರೆ ಅದರ ನಕಲು ಇಟ್ಟು ಫಾರಂ ಕಳಿಸಬಹುದು, ಆಧಾರ್ ಆಮೇಲೆ ಸರಿಮಾಡಿಸಿಕೊಳ್ಳಿ ಎಂದು ಮೇಡಂ ಫೋನಿನಲ್ಲಿ ಒಪ್ಪಿದರು.

ಮಂಗಳವಾರ ಉಳಿದ ಹುಳವೂ ಚಂದ್ರಿಕೆ ಹತ್ತಿತು. ಬುಧವಾರ ಕಸ ತೆಗೆದು ತೊಳೆದದ್ದಾಯಿತು. ಗೂಡು ಬಿಡಿಸುವವರೆಗೆ ಇನ್ನು ಮೂರು ನಾಲ್ಕು ದಿನ ಮನೆಯವರಿಗೆ ಉಸಿರಾಡುವ ಹೊತ್ತು. ಗುರುವಾರ ಬೆಳಿಗ್ಗೆ ಅವ್ವ, ಮಗಳು ಇಬ್ಬರೂ ಬಸ್ಸು ಹತ್ತಿದರು.

ಅವ್ವ ಗೋಧಿ ಬಣ್ಣದ ರೇಷ್ಮೆ ಸೀರೆ ಉಟ್ಟಿದ್ದಳು. ಶಾಲೆಗೆ ಹೋಗಲು ಯಾರಾದರೂ ರೇಷ್ಮೆ ಉಡುತ್ತಾರಾ ಎಂದರೆ, ನಾನೇನು ದಿನಾ ಹೋಗ್ತೀನಾ, ಐವತ್ತು ವರ್ಷದ ಮೇಲೆ ಹೋಗ್ತಿರೋದು ಅಂದಳು. ಮೆಟ್ಟಿಲು ಹತ್ತುವಾಗ ಬಾಗಿಲಿನ ಕಂಬಿಯನ್ನು ಎರಡು ಕೈಯಲ್ಲೂ ಹಿಡಿದು, ಮೊದಲು ಬಲಗಾಲು ಇಟ್ಟು, ಆಮೇಲೆ ಎಡಗಾಲನ್ನು ಅದರ ಪಕ್ಕಕ್ಕೆ ಎಳೆದುಕೊಂಡಳು. ಕುಸುಮ ಹಿಂದಿನಿಂದ ನೋಡುತ್ತಿದ್ದಳು. ಕಂಡಕ್ಟರು ಹೆಂಗಸರ ಉಚಿತ ಟಿಕೆಟ್ಟಿಗೆಂದು ಕಾರ್ಡು ನೋಡಿ, "ಎಪ್ಪತ್ನಾಕಾ ಅಜ್ಜಿ? ನಮ್ಮವ್ವ ಅರವತ್ತಕ್ಕೇ ಮೂಲೆ ಇಡಿದವ್ಳೆ. ನೀನೇನ್ ತಿಂತೀಯ?" ಅಂದ. ಅವ್ವ ಗಂಭೀರವಾಗಿ, ರಾಗಿ ಮುದ್ದೆ ಕಣಪ್ಪ, ಜೊತೆಗೆ ಒಬ್ಬರ ಮಾತಿಗೂ ಹೋಗಬಾರದು ಎಂದು ಉಪದೇಶ ಮಾಡಿ ಕಾರ್ಡನ್ನು ಸೆರಗಿನಲ್ಲಿ ಕಟ್ಟಿಕೊಂಡಳು.

ಹನೂರು ಕಳೆದು ಕೊಳ್ಳೇಗಾಲಕ್ಕೆ ಬಂದು, ಅಲ್ಲಿ ಯಳಂದೂರಿನ ಬಸ್ಸು ಹಿಡಿದರು. ಬತ್ತದ ಗದ್ದೆಗಳು ಕೊಯ್ಲಿಗೆ ಬಂದಿದ್ದವು. ಎಡಕ್ಕೆ ದೂರದಲ್ಲಿ ಬಿಳಿಗಿರಿರಂಗನ ಬೆಟ್ಟದ ಸಾಲು ಮಂಜು ಕಳಚಿಕೊಂಡು ಎದ್ದು ಕೂತಿತ್ತು. ಅವ್ವ ಕಿಟಕಿಗೆ ಮುಖ ಹಚ್ಚಿ, ಯಾವ ಗದ್ದೆ ಯಾರದಿತ್ತು, ಈಗ ಯಾರ ಪಾಲಾಗಿದೆ ಎಂದು ಹೇಳುತ್ತ ಬಂದಳು. ಅಗರ ಹತ್ತಿರವಾದಂತೆ ಅವಳ ಧ್ವನಿಯೇ ಬೇರೆಯಾಗಿತ್ತು, ಸಣ್ಣದಾಗಿ, ಬೇಗ ಬೇಗ.

ಹೆಡ್‌ಮಾಸ್ತರು ಶಿವರುದ್ರಸ್ವಾಮಿ ನಿವೃತ್ತಿಗೆ ನಾಲ್ಕು ತಿಂಗಳಿದ್ದವರು. ಎಲ್ಲ ಕೇಳಿಕೊಂಡು, ಹಳೆಯ ವಹಿಗಳನ್ನು ಇಟ್ಟಿದ್ದ ಕಬ್ಬಿಣದ ಪೆಟ್ಟಿಗೆಯನ್ನು ತಾವೇ ಎಳೆದು ತೆಗೆದರು. ಬೇವಿನ ಸೊಪ್ಪು ಒಣಗಿ ಪುಡಿಯಾದ ವಾಸನೆ ಬಂತು. ಅಂಚು ಮುರಿದ ಹಾಳೆಗಳನ್ನು ಎರಡು ಬೆರಳಿನಿಂದ ಎತ್ತಿ ಎತ್ತಿ ನೋಡಿ, ಮುಕ್ಕಾಲು ಗಂಟೆಯಾದ ಮೇಲೆ ಒಂದು ಸಾಲಿನ ಮೇಲೆ ಬೆರಳು ನಿಲ್ಲಿಸಿದರು.

"ಚಿಕ್ಕಬಸಮ್ಮ. ತಂದೆ ಕೆಂಚಯ್ಯ. ಹುಟ್ಟಿದ್ದು ಹನ್ನೆರಡು ಆರು ಸಾವಿರದ ಒಂಬೈನೂರ ಅರವತ್ಮೂರು. ನೀವೇನಾ ಅಮ್ಮ?"

"ನಾನೇ ಸಾ."

"ಶಾಲೆ ಬಿಟ್ಟ ಕಾರಣ, ಆಡು ಕಾಯಲು."

ಅವ್ವ ಮೇಜಿನ ಮೇಲೆ ಬಾಗಿದಳು. "ಆಡ್ನೂ ಬರ್ದವ್ರಾ ಸಾ? ಎರಡಿದ್ದೋ. ಒಂದ್ ಕರೀದು, ಒಂದ್ ಪಟ್ಟೆದು." ಮಾಸ್ತರು, ಬಣ್ಣ ಬರೆದಿಲ್ಲವಲ್ಲ, ಮರೆತಿರಬೇಕು ಅಂದರು. ಅವ್ವ ತನ್ನ ಹೆಸರಿನ ಮೇಲೆ ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಓದಿದ ಮೇಲೂ ಬೆರಳು ತೆಗೆಯಲಿಲ್ಲ. ಅಷ್ಟರಲ್ಲಿ ಯಾರು ಸುದ್ದಿ ಮುಟ್ಟಿಸಿದರೋ, ಅವಳ ಚಿಕ್ಕಂದಿನ ಗೆಳತಿ ಸೋಮಮ್ಮ ಶಾಲೆಯ ಬಾಗಿಲಿಗೇ ಬಂದು, ತವರಿಗೆ ಬಂದವಳು ಮನೆಗೆ ಬರದೆ ಪಾಠ ಕೇಳಲು ಬಂದಿದ್ದೀಯೇನೇ ಎಂದು ಕೈಹಿಡಿದು ಎಳೆದುಕೊಂಡು ಹೋದಳು.

ಕುಸುಮ ಉಳಿದಳು. ಮಾಸ್ತರು ಪ್ರಮಾಣಪತ್ರವನ್ನು ದುಂಡಗಿನ ಅಕ್ಷರದಲ್ಲಿ ಬರೆದರು. ಆಧಾರ್ ತಿದ್ದಿಸಿದರೆ ಅದಕ್ಕೆ ಹೊಂದಿಕೊಂಡ ಬೇರೆ ಕಾಗದಗಳನ್ನೂ ಆಫೀಸಿನವರು ಒಂದು ದಿನ ಕೇಳಬಹುದು, ಏನಾದರೂ ಇದ್ದರೆ ನೋಡಿಕೊಳ್ಳಿ ಎಂದು ಯಾರ ಕಡೆಗೂ ನೋಡದೆ ಹೇಳಿ ಮೊಹರು ಒತ್ತಿದರು. ಹನ್ನೊಂದು ಜನ ಹೆಂಗಸರು ಕುಸುಮಳ ಕಣ್ಣ ಮುಂದೆ ಚಾಪೆಯ ಸುತ್ತ ಬಂದು ಕೂತರು. ಅವಳು ಕಾಗದವನ್ನು ಮಡಿಸಿ ಬ್ಯಾಗಿನ ಒಳಜೇಬಿನಲ್ಲಿಟ್ಟಳು. ಈಗ ಅವ್ವನ ಹೆಸರು ಬರೆಯಲು ಯಾವ ಅಡ್ಡಿಯೂ ಉಳಿದಿರಲಿಲ್ಲ.

ಸೋಮಮ್ಮನ ಮನೆಯಲ್ಲಿ ಊಟ ಮಾಡದೆ ಬಿಡಲಿಲ್ಲ. ಹೊರಡುವಾಗ ಹೊಲದ ಅವರೆಕಾಯಿಯನ್ನು ಒಂದು ಚೀಲ ತುಂಬಿಸಿ ಕೊಟ್ಟಳು. ಸೊಗಡು ಹಾಗೇ ಇತ್ತು. ಕೊಳ್ಳೇಗಾಲದವರೆಗೆ ಬಸ್ಸೆಲ್ಲ ಅದರದ್ದೇ ವಾಸನೆ. ಅಲ್ಲಿ ಹನೂರಿನ ಕಡೆಯ ಬಸ್ಸು ಸಿಕ್ಕಿದಾಗ ನಾಲ್ಕೂವರೆ ಆಗಿತ್ತು. ಕಿಟಕಿ ಪಕ್ಕದ ಸೀಟಿನಲ್ಲಿ ಕೂತ ಅವ್ವ ಚೀಲವನ್ನು ಕಾಲ ಸಂದಿಯಲ್ಲಿಟ್ಟುಕೊಂಡು, ಮನೆಗೆ ಹೋಗಿ ಬಿಡಿಸುವ ಬದಲು ಎಂದು, ಕಾಯಿ ಬಿಡಿಸತೊಡಗಿದಳು. ರೇಷ್ಮೆ ಸೀರೆ ಕಲೆಯಾಗುತ್ತದೆ ಎಂದರೂ ಕೇಳಲಿಲ್ಲ. ಊರು ದಾಟಿದ ಮೇಲೆ ಕೇಳಿದಳು.

"ಬರ್ಕೊಟ್ರಾ ಮೇಷ್ಟ್ರು?"

"ಊಂ. ಕೊಟ್ರು."

"ಕೊಟ್ರೆ ಮಡಿಕ." ಅವ್ವ ಇನ್ನೂ ನಾಲ್ಕು ಕಾಯಿ ಬಿಡಿಸಿದಳು. ಆಮೇಲೆ, ವಯಸ್ಸು ತಿದ್ದಿಸಿ ವೃದ್ಧಾಪ್ಯದ ಪಿಂಚಣಿ ನಿಂತರೂ ತನ್ನ ಪಾಡು ಹೇಗೋ ನಡೆಯುತ್ತದೆ, ದೊಡ್ಡಮಾದಮ್ಮನಿಗೆ ಮಕ್ಕಳು ಕೊಡುವುದು ಅಷ್ಟಕ್ಕಷ್ಟೆ, ಆ ಪಿಂಚಣಿಯೇ ಅವಳಿಗೆ ಎಲೆಅಡಿಕೆ, ಔಷಧಿ, ಎಲ್ಲ ಎಂದಳು. ನನ್ನದೊಂದು ಎಳೆ ಎಳೆದರೆ ಬೀದಿಯ ಸೀರೆಯೆಲ್ಲ ಬಿಚ್ಚಿಕೊಳ್ಳುತ್ತದೇನೋ, ಬಿಚ್ಚಿಕೊಳ್ಳದೆಯೂ ಇರಬಹುದು, ನಿನಗೆ ತಿಳಿದ ಹಾಗೆ ಮಾಡು ಎಂದಳು. ಬೇಡ ಎಂದೂ ಹೇಳಲಿಲ್ಲ, ಬೇಕು ಎಂದೂ ಹೇಳಲಿಲ್ಲ. ಮಂಡಿಯ ಮಾತಿಗೆ ಬಂದಾಗ ಮಾತ್ರ ಸ್ವಲ್ಪ ನಕ್ಕಳು. ಹೊಸ ಮಂಡಿ ಹಾಕಿಸಿಕೊಂಡು ಮೂರು ತಿಂಗಳು ಮಲಗುವುದೆಂದರೆ ತನಗೆ ಅದೇ ಕಾಯಿಲೆಯಾಗುತ್ತದಂತೆ. ಕುಮಾರಸ್ವಾಮಿ ಎಣ್ಣೆ ತಂದುಕೊಟ್ಟಿದ್ದಾನೆ, ಪ್ರೇಮಾ ತಿಕ್ಕುತ್ತಾಳೆ, ಅವಳ ಕೈ ಎಷ್ಟು ಒರಟೋ ಅಷ್ಟು ಗುಣ. ತೀರಾ ಆಗದೆ ಹೋದರೆ ಕಾರ್ಡು ಹಿಡಿದು ಹೋಗಿ ಸಾಲಿನಲ್ಲಿ ಕೂತರಾಯಿತು, ಸಾಲಿನಲ್ಲಿ ಮಾತಿಗೆ ಜನ ಇರುತ್ತಾರೆ.

ಕುಸುಮ ಫೋನು ತೆಗೆದು ಫಾರಂ ತೆರೆದಿದ್ದಳು. ಹನೂರು ದಾಟಿದರೆ ನೆಟ್‌ವರ್ಕು ನಂಬುವಂತಿರಲಿಲ್ಲ. ಅವಲಂಬಿತರ ಹೆಸರು ಎಂಬಲ್ಲಿ ಬೆರಳಿಟ್ಟು ಕೂತಿದ್ದಳು. ಅವ್ವ ಅತ್ತ ನೋಡಲಿಲ್ಲ. ಕಾಯಿಯ ನಾರು ಎಳೆಯುತ್ತ, ಬಸ್ಸಿನ ಸದ್ದಿಗಿಂತ ಸ್ವಲ್ಪವೇ ಮೇಲೆ ಕೇಳುವ ಹಾಗೆ ಹೇಳಿದಳು.

"ಈ ಸಲ ಗೂಡು ಸಂದಾಗ್ ಕಟ್ಟವೆ ಕನ್ ಮಗ. ಬೆಳಿಗ್ಗೆ ನೋಡ್ದೆ. ಒಂದ್ ಹುಳನೂ ಉದುರ್ನಿಲ್ಲ."

"ಊಂ. ಪ್ರೇಮಾನೂ ಏಳಿದ್ಲು."

"ನಿಂಗೆ ಮುಗುದಿರ್ನಿಲ್ಲ ಅಂತ ನಂಗೊತ್ತಿತ್ತು."

ಕುಸುಮ ತಲೆಯೆತ್ತಲಿಲ್ಲ. ತೆರೆಯ ಮೇಲಿನ ಅಕ್ಷರಗಳು ಬಸ್ಸಿನ ಕುಲುಕಾಟಕ್ಕೆ ಒಂದರ ಮೇಲೊಂದು ಬಿದ್ದ ಹಾಗೆ ಕಂಡವು. ಗೊತ್ತಿದ್ದೂ ಯಾಕೆ ಒಳಗೆ ಬಿಟ್ಟೆ ಎಂದು ಕೇಳಬೇಕೆನ್ನಿಸಿತು. ಅವ್ವನೇ ಮುಂದುವರಿಸಿದಳು. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಹೋಗುವುದು ಅವಳೇ ಅಲ್ಲವೇ. ಹೋದ ವರ್ಷ ಬಂದಾಗಲೂ ಎಂಟು ದಿನವಾಗಿತ್ತು, ಈ ಸಲ ಇನ್ನೂ ನಿಂತಿಲ್ಲ. ಕೆನ್ನೆ ನೋಡಿದರೆ ಸುಣ್ಣದ ಗೋಡೆ. ಇಷ್ಟನ್ನೂ ಅವಳು ಯಾರದೋ ಮನೆಯ ಮಾತು ಹೇಳಿದ ಹಾಗೆ ಹೇಳಿದಳು.

"ಹುಳುಕ್ಕೇನೂ ಆಗ್ನಿಲ್ಲ. ನಿಂಗೇನಾಗದೆ ಅನ್ನದ ನೀನೇ ನೋಡ್ಕ."

ಅಷ್ಟೇ. ಡಾಕ್ಟರು ಏನಂದರು ಎಂದು ಕೇಳಲಿಲ್ಲ. ಯಾಕೆ ಹೇಳಲಿಲ್ಲ ಎಂದೂ ಕೇಳಲಿಲ್ಲ. ಮುಂದಿನ ಕಾಯಿಯನ್ನು ಕೈಗೆತ್ತಿಕೊಂಡು, ಇದು ಎಳೇದು, ಸಾರಿಗೆ ಆಗೋದಿಲ್ಲ ಎಂದು ಪಕ್ಕಕ್ಕೆ ಹಾಕಿದಳು.

ಕುಸುಮ ಹೊರಗೆ ನೋಡಿದಳು. ಇಳಿಬಿಸಿಲಿನಲ್ಲಿ ಹಿಪ್ಪುನೇರಳೆ ತೋಟ, ಮೆಕ್ಕೆಜೋಳದ ಒಣದಂಟು, ರಸ್ತೆ ಬದಿಯಲ್ಲಿ ದನ ಹೊಡೆದುಕೊಂಡು ಹೋಗುವ ಒಬ್ಬ ಮುದುಕಿ. ಅವ್ವನಿಗೆ ಎಪ್ಪತ್ತನಾಲ್ಕು ಎಂದು ಬರೆದರೂ ಅವಳ ಮಂಡಿ ಅಷ್ಟೇ ನೋಯುತ್ತದೆ. ಅರವತ್ತೆರಡು ಎಂದು ಬರೆದರೂ ಅಷ್ಟೇ. ಬರೆದದ್ದಕ್ಕೆಲ್ಲ ಅವಳು ಹೂಂ ಅಂದುಕೊಂಡು, ತನ್ನ ಪಾಡಿಗೆ ತಾನು ಅದೇ ಹೆಜ್ಜೆಯಲ್ಲಿ, ಬಲಗಾಲು ಮೊದಲು ಇಟ್ಟು ಎಡಗಾಲು ಎಳೆದುಕೊಂಡು ಬಂದಿದ್ದಾಳೆ. ಬೀದಿಯವರೆಲ್ಲರ ಕಾಗದ ಬರೆದುಕೊಟ್ಟ ತಾನು ತನ್ನ ಬಗ್ಗೆ ನಿಜವಾಗಿ ಏನನ್ನಾದರೂ ಬರೆದದ್ದು ಯಾವಾಗ ಎಂದು ಯೋಚಿಸಿದಳು. ಒಂದೂ ನೆನಪಿಗೆ ಬರಲಿಲ್ಲ. ಅದರಿಂದ ದುಃಖವಾಗಲಿಲ್ಲ, ತಮಾಷೆಯೆನ್ನಿಸಿತು.

ಹಿಂದಕ್ಕೆ ಹೋಗಿ, ಕೆಲಸದವರಿಗೆ ಮಾತ್ರ ಎಂಬ ಮೊದಲನೆಯ ದಾರಿಯನ್ನು ಒತ್ತಿದಳು. ಅವಲಂಬಿತರ ಹೆಸರಿನ ಜಾಗ ತಾನಾಗಿ ಮುಚ್ಚಿಕೊಂಡಿತು. ಹೆಸರು, ವಯಸ್ಸು, ಪಾಸ್‌ಪೋರ್ಟ್ ನಂಬರು ತುಂಬಿದಳು. ಕೆಳಗೆ, ಈಗಿರುವ ಕಾಯಿಲೆ ಏನಾದರೂ ಇದೆಯೇ ಎಂಬ ಪ್ರಶ್ನೆ. ಒಂಬತ್ತು ವರ್ಷವೂ ಅದರ ಮುಂದೆ ಓದದೆಯೇ ಇಲ್ಲ ಎಂದು ಒತ್ತುತ್ತ ಬಂದಿದ್ದಳು. ಹೋದ ವರ್ಷ ಗೊತ್ತಿದ್ದಿದ್ದರೂ ಹಾಗೇ ಒತ್ತುತ್ತಿದ್ದಳೇನೋ. ಈಗ ಇದೆ ಎಂದು ಒತ್ತಿದಳು. ಏನು ಎಂದು ಕೇಳಿತು. ಡಾಕ್ಟರಮ್ಮ ಚೀಟಿಯಲ್ಲಿ ಬರೆದಿದ್ದ ಪದವನ್ನು ಒಂದೊಂದೇ ಅಕ್ಷರ ನೋಡಿ ಬರೆದಳು. ಬೇಸಿಗೆ ರಜೆಗೆ ಶಿಶುವಿಹಾರ ಮುಚ್ಚುತ್ತದೆ. ಆಗ ಆಪರೇಷನ್ ಮಾಡಿಸಿಕೊಂಡರೆ ಮಕ್ಕಳು ವಾಪಸ್ಸು ಬರುವ ಹೊತ್ತಿಗೆ ಎತ್ತಿಕೊಳ್ಳುವಷ್ಟು ಶಕ್ತಿ ಬಂದಿರುತ್ತದೆ. ಮೇಡಂ ಮನೆಯ ಹಿಂದಿನ ರೂಮು ಖಾಲಿ ಇದೆ. ಕುಮಾರಸ್ವಾಮಿ ಕೇಳಿದರೆ ವಯಸ್ಸು ಹೊಂದಲಿಲ್ಲ ಅನ್ನಬಹುದು. ಅಷ್ಟರಮಟ್ಟಿಗೆ ಅದು ಸುಳ್ಳೂ ಅಲ್ಲ.

ಕಳಿಸು ಎಂಬುದನ್ನು ಒತ್ತಿ, ಸಣ್ಣ ಚಕ್ರ ತಿರುಗಿ ನಿಲ್ಲುವವರೆಗೆ ಕಾದಳು. ನಿಂತಿತು. ಐದು ಗಂಟೆ ಹತ್ತು ನಿಮಿಷ. ಫೋನನ್ನು ಬ್ಯಾಗಿಗೆ ಹಾಕಿ ಜಿಪ್ಪು ಎಳೆದಳು.

"ಆಯ್ತಾ ಕೆಲ್ಸ?" ಅವ್ವ ಕೇಳಿದಳು.

"ಊಂ."

ಅವ್ವ ಚೀಲದ ಬಾಯಿಯನ್ನು ಇವಳ ಕಡೆಗೆ ತಿರುಗಿಸಿದಳು. ಕುಸುಮ ದುಪಟ್ಟಾ ತೊಡೆಯ ಮೇಲೆ ಹರಡಿ ಎರಡು ಬೊಗಸೆ ಕಾಯಿ ಸುರಿದುಕೊಂಡಳು. ಉಗುರಿಗೆ ಸೊಗಡು ಮೆತ್ತಿತು. ಮುಂದಿನ ಸೀಟಿನಲ್ಲಿ ಕೂತಿದ್ದ ಗುರುತಿಲ್ಲದ ಹೆಂಗಸು ವಾಸನೆಗೆ ಹಿಂತಿರುಗಿ ನೋಡಿ, ಎಲ್ಲಿಯ ಕಾಯಿ ಎಂದು ಕೇಳಿದಳು. ಅಗರದ್ದು ಎಂದು ಅವ್ವ ಹೇಳಿದಳು. ಹನೂರು ಇನ್ನೂ ಅರ್ಧ ಗಂಟೆ ಇತ್ತು. ಆಕೆ ಕೈ ನೀಡಿ ಒಂದು ಹಿಡಿ ಕಾಯಿ ತೆಗೆದುಕೊಂಡು, ತಾನೂ ಮಡಿಲಲ್ಲಿ ಹಾಕಿಕೊಂಡು ಬಿಡಿಸತೊಡಗಿದಳು.